ವಾರಕ್ಕೆ ಮೂರು ದಿನ ಕಾರು ಮನೆಯಲ್ಲೇ ಇರಲಿ

ವೈಟ್‌ಫೀಲ್ಡ್ ಕಡೆ ಕೆಲಸಕ್ಕೆ ಹೋಗುವವರಿಗೆ ಒಂದು ಮಾತು. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕೆಜಿ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಹೋಗಿ ಬರಲು 30 ಕಿ.ಮೀ. ಅಂದುಕೊಳ್ಳಿ. ಲೀಟರಿಗೆ 15 ಕಿ.ಮೀ. ಕೊಡುವ ಕಾರಾದರೆ ದಿನಕ್ಕೆ 4.6 ಕೆಜಿ. ಅದೂ ಒಬ್ಬರೇ ಕೂತು ಹೋಗುವುದಕ್ಕೆ!

ಮೆಟ್ರೋದ ನೇರಳೆ ಮಾರ್ಗ 2023ರ ಅಕ್ಟೋಬರ್‌ನಿಂದ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೂ ಓಡುತ್ತಿದೆ. ನಾನು ವಾರಕ್ಕೆ ಮೂರು ದಿನ ಅದರಲ್ಲೇ ಹೋಗುತ್ತೇನೆ. ನಿಜವಾದ ಕಷ್ಟ ಇರುವುದು ಸ್ಟೇಷನ್ನಿನಿಂದ ಆಫೀಸಿನವರೆಗಿನ ಕೊನೆಯ ಎರಡು ಕಿ.ಮೀ.ನಲ್ಲಿ. ಅದಕ್ಕೆ ಫೀಡರ್ ಬಸ್ ಬರುವ ಹೊತ್ತನ್ನು ಒಂದು ವಾರ ಗಮನಿಸಿ, ಮನೆ ಬಿಡುವ ಸಮಯವನ್ನು ಹೊಂದಿಸಿಕೊಳ್ಳಿ. ಬಸ್ ತಪ್ಪಿದ ದಿನ ಒಂದೇ ಕಡೆ ಹೋಗುವ ಮೂವರು ಸೇರಿ ಆಟೋ ಹಿಡಿಯಿರಿ. ಮಳೆಗಾಲದಲ್ಲಿ ಬ್ಯಾಗಿನಲ್ಲಿ ಇನ್ನೊಂದು ಜೊತೆ ಸಾಕ್ಸ್ ಇರಲಿ, ತುಂಬಾ ಉಪಯೋಗಕ್ಕೆ ಬರುತ್ತದೆ.

ಹಾಲು, ಸೊಪ್ಪು ತರಲು ಸ್ಕೂಟರ್ ತೆಗೆಯಬೇಡಿ. ಎಂಜಿನ್ ತಣ್ಣಗಿರುವಾಗ ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ. ಅಷ್ಟು ದೂರ ನಡೆದೇ ಹೋಗಬಹುದು, ಅಲ್ವಾ? ಕಾರು ತೆಗೆಯಲೇಬೇಕಾದ ದಿನ ಟೈರಿನ ಗಾಳಿ ನೋಡಿಕೊಳ್ಳಿ. ಗಾಳಿ ಕಡಿಮೆ ಇದ್ದರೆ ಸುಮ್ನೆ ಪೆಟ್ರೋಲ್ ದಂಡ.