ಹಳೆಯ ಟರ್ಬೊ ಕಾರು: ಬೂಸ್ಟ್ ಏರಿಸುವುದು ಕೊನೆಯ ಕೆಲಸ

ಇಪ್ಪತ್ತು, ಮೂವತ್ತು ವರ್ಷ ಓಡಿದ ಪೆಟ್ರೋಲ್ ಟರ್ಬೊ ಕಾರು ಸಿಕ್ಕರೆ ಬೂಸ್ಟ್ (ಟರ್ಬೊ ಎಂಜಿನ್ನಿಗೆ ತುಂಬುವ ಗಾಳಿಯ ಹೆಚ್ಚುವರಿ ಒತ್ತಡ) ಏರಿಸುವ ಕಂಟ್ರೋಲರ್ ಹಾಕುವ ಆಸೆಯೇ ಮೊದಲು ಹುಟ್ಟುತ್ತದೆ. ಆ ಡಬ್ಬಿಯನ್ನು ಸದ್ಯಕ್ಕೆ ಕಪಾಟಿನಲ್ಲೇ ಇಡಿ. ಬೂಸ್ಟ್ ಏರಿದಾಗ ಪೆಟ್ರೋಲ್ ಸಾಲದಿದ್ದರೆ, ಇಲ್ಲವೇ ನಾಕಿಂಗ್ (ಸಿಲಿಂಡರಿನಲ್ಲಿ ಪೆಟ್ರೋಲ್ ಮಿಶ್ರಣ ತಾನಾಗಿ ಸಿಡಿಯುವುದು) ಶುರುವಾದರೆ, ಪಿಸ್ಟನ್ ಹಾಳಾಗಲು ಕೆಲವೇ ಸೆಕೆಂಡು ಸಾಕು.

ಬಿಚ್ಚುವ ಮೊದಲು

ಎಂಜಿನ್ ಬಿಸಿಯಿದ್ದಾಗ ಎಲ್ಲ ಸ್ಪಾರ್ಕ್ ಪ್ಲಗ್ ತೆಗೆದು, ಪೆಟ್ರೋಲ್ ಮತ್ತು ಇಗ್ನಿಷನ್ ಎರಡನ್ನೂ ಕಡಿತ ಮಾಡಿ, ಥ್ರಾಟಲ್ ಪೂರ್ತಿ ತೆರೆದು ಕಂಪ್ರೆಷನ್ ಟೆಸ್ಟ್ (ಸ್ಟಾರ್ಟರ್ ತಿರುಗಿಸಿ ಪ್ರತಿ ಸಿಲಿಂಡರಿನ ಒತ್ತಡ ಅಳೆಯುವುದು) ಮಾಡಿ. ಸಿಲಿಂಡರುಗಳ ನಡುವೆ ಶೇ. 10–15ಕ್ಕಿಂತ ಹೆಚ್ಚು ವ್ಯತ್ಯಾಸ ಇರಬಾರದು. ಕಡಿಮೆ ತೋರಿಸಿದ ಸಿಲಿಂಡರಿಗೆ ಒಂದು ಟೀ ಚಮಚ ಎಂಜಿನ್ ಆಯಿಲ್ ಹಾಕಿ ಮತ್ತೆ ನೋಡಿ. ಒತ್ತಡ ಏರಿದರೆ ಪಿಸ್ಟನ್ ರಿಂಗ್ ಸವೆದಿದೆ. ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ.

ಲೀಕ್‌ಡೌನ್ ಟೆಸ್ಟ್ (ಸಿಲಿಂಡರಿಗೆ ಗಾಳಿ ತುಂಬಿ ಎಷ್ಟು ಸೋರುತ್ತದೆ ಎಂದು ನೋಡುವುದು) ಇನ್ನೂ ಸ್ಪಷ್ಟ ಉತ್ತರ ಕೊಡುತ್ತದೆ. ಗಾಳಿ ಎಲ್ಲಿ ಸುಯ್ಯೆನ್ನುತ್ತದೆ ಎಂದು ಕಿವಿಗೊಡಿ: ಸೈಲೆನ್ಸರಿನಲ್ಲಿ ಕೇಳಿದರೆ ಎಕ್ಸಾಸ್ಟ್ ವಾಲ್ವ್, ಥ್ರಾಟಲಿನಲ್ಲಿ ಕೇಳಿದರೆ ಇನ್‌ಟೇಕ್ ವಾಲ್ವ್, ಆಯಿಲ್ ಕ್ಯಾಪಿನಲ್ಲಿ ಕೇಳಿದರೆ ರಿಂಗ್. ರೇಡಿಯೇಟರಿನಲ್ಲಿ ಗುಳ್ಳೆ ಎದ್ದರೆ ಹೆಡ್ ಗ್ಯಾಸ್ಕೆಟ್. ಸೋರಿಕೆ ಶೇ. 10ರೊಳಗಿದ್ದರೆ ಎಂಜಿನ್ ಚೆನ್ನಾಗಿದೆ, 20 ದಾಟಿದರೆ ಬಿಚ್ಚಲೇಬೇಕು.

ಬಿಚ್ಚಿದ ಮೇಲೆ

ಹೆಡ್ ಮೇಲೆ ಸ್ಟ್ರೇಟ್ ಎಡ್ಜ್ ಇಟ್ಟು ಉದ್ದ, ಅಗಲ, ಎರಡೂ ಓರೆ ದಿಕ್ಕುಗಳಲ್ಲಿ ಫೀಲರ್ ಗೇಜ್ ತೂರಿಸಿ ನೋಡಿ. ಸಾಮಾನ್ಯವಾಗಿ 0.05 ಮಿ.ಮೀ. ಮೀರಿದರೆ ಹೆಡ್ ಮೆಷಿನ್ ಶಾಪಿಗೆ ಹೋಗಬೇಕು. ನಿಖರ ಮಿತಿ ಆಯಾ ಕಾರಿನ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿರುತ್ತದೆ. ಹಳೆಯ ಗ್ಯಾಸ್ಕೆಟ್ ಕೆರೆಯಲು ಡ್ರಿಲ್ಲಿಗೆ ಸಿಕ್ಕಿಸುವ ನಾರಿನ ಡಿಸ್ಕ್ ಬಳಸಬೇಡಿ. ಅದರಿಂದ ಉದುರುವ ಅಲ್ಯುಮಿನಿಯಂ ಆಕ್ಸೈಡ್ ಪುಡಿ ಆಯಿಲ್ ಜೊತೆ ಸೇರಿ ಹೊಸ ಬೇರಿಂಗನ್ನೇ ತಿಂದುಹಾಕುತ್ತದೆ. ಪ್ಲಾಸ್ಟಿಕ್ ಸ್ಕ್ರೇಪರ್ ಮತ್ತು ತಾಳ್ಮೆ ಸಾಕು.

ಬ್ಲಾಕಿನಲ್ಲಿ ಬೋಲ್ಟ್ ಕೂರುವ ತೂತುಗಳನ್ನು ಗಾಳಿ ಊದಿ ಒಣಗಿಸಿ. ತಳ ಮುಚ್ಚಿರುವ ತೂತಿನಲ್ಲಿ ಆಯಿಲ್ ಅಥವಾ ಕೂಲಂಟ್ ಉಳಿದಿದ್ದರೆ ಬೋಲ್ಟ್ ಬಿಗಿಯುವಾಗ ಅದಕ್ಕೆ ಹೋಗಲು ಜಾಗವಿಲ್ಲದೆ ಬ್ಲಾಕ್ ಬಿರುಕು ಬಿಡಬಹುದು. ಕೋನ ಅಳೆದು ಬಿಗಿಯುವ, ಹಿಗ್ಗುವ ಜಾತಿಯ ಹೆಡ್ ಬೋಲ್ಟ್ ಆದರೆ ಹೊಸದೇ ಬೇಕು.

ಬೇರಿಂಗ್ ಸಡಿಲವನ್ನು (ಒತ್ತಿದಾಗ ಚಪ್ಪಟೆಯಾಗುವ ಪ್ಲಾಸ್ಟಿಕ್ ಎಳೆಯಾದ) ಪ್ಲಾಸ್ಟಿಗೇಜ್‌ನಿಂದ ಅಳೆಯಿರಿ. 50 ಮಿ.ಮೀ. ಜರ್ನಲಿಗೆ (ಬೇರಿಂಗಿನೊಳಗೆ ತಿರುಗುವ ಶಾಫ್ಟಿನ ಭಾಗ) ಸುಮಾರು 0.05 ಮಿ.ಮೀ. ಎಂಬುದು ಬಹುಕಾಲದ ಲೆಕ್ಕ. ರಿಂಗ್ ಗ್ಯಾಪ್ (ಪಿಸ್ಟನ್ ರಿಂಗಿನ ಎರಡು ತುದಿಗಳ ನಡುವಿನ ಅಂತರ) ವಿಷಯದಲ್ಲಿ ಪೆಟ್ಟಿಗೆಯಿಂದ ತೆಗೆದದ್ದನ್ನು ಹಾಗೇ ಹಾಕಬೇಡಿ. ರಸ್ತೆಯ ಟರ್ಬೊ ಎಂಜಿನ್ನಿಗೆ ಮೇಲಿನ ರಿಂಗಿನ ಗ್ಯಾಪ್ ಬೋರಿನ (ಸಿಲಿಂಡರಿನ ವ್ಯಾಸ) 0.005 ಪಟ್ಟು, ಎರಡನೆಯದು 0.0055 ಪಟ್ಟು ಎಂದು ಹಿಡಿಯಬಹುದು: 86 ಮಿ.ಮೀ. ಬೋರಿಗೆ 0.43 ಮತ್ತು 0.47 ಮಿ.ಮೀ. ಪಿಸ್ಟನ್ ತಯಾರಕರು ಬೇರೆ ಅಂಕಿ ಕೊಟ್ಟಿದ್ದರೆ ಅದೇ ಅಂತಿಮ. ಗ್ಯಾಪ್ ಕಡಿಮೆಯಾದರೆ ಬಿಸಿಗೆ ಹಿಗ್ಗಿದ ರಿಂಗಿನ ತುದಿಗಳು ಒಂದಕ್ಕೊಂದು ಒತ್ತಿ ಪಿಸ್ಟನ್ನಿನ ರಿಂಗ್ ಲ್ಯಾಂಡ್ (ರಿಂಗುಗಳ ನಡುವಿನ ಅಂಚು) ಮುರಿಯುತ್ತದೆ. ತುಸು ಹೆಚ್ಚಾದರೆ ಆಗುವ ನಷ್ಟ ಅತ್ಯಲ್ಪ.

ಟೈಮಿಂಗ್ ಬೆಲ್ಟ್, ಟೆನ್ಷನರ್, ವಾಟರ್ ಪಂಪ್ ಒಟ್ಟಿಗೇ ಬದಲಿಸಿ.

ಟರ್ಬೊ

ಕಂಪ್ರೆಸರ್ ಚಕ್ರವನ್ನು ಬೆರಳಲ್ಲಿ ಹಿಡಿದು ಹಿಂದೆ ಮುಂದೆ ಎಳೆಯಿರಿ. ಕೈಗೆ ಗೊತ್ತಾಗುವಷ್ಟು ಆಟವಿದ್ದರೆ ಥ್ರಸ್ಟ್ ಬೇರಿಂಗ್ ಹೋಗಿದೆ. ಪಕ್ಕಕ್ಕೆ ಸ್ವಲ್ಪ ಅಲುಗುವುದು ಸಹಜ, ಏಕೆಂದರೆ ಜರ್ನಲ್ ಬೇರಿಂಗ್ ಆಯಿಲ್ ಪದರದ ಮೇಲೆ ತೇಲುತ್ತದೆ. ಆದರೆ ಚಕ್ರ ಗೂಡಿಗೆ ತಾಗಕೂಡದು.

ಹೊಸ ಟರ್ಬೊ ಹಾಕಿದ ಮೇಲೂ ನೀಲಿ ಹೊಗೆ ಬಂದರೆ ಎಲ್ಲರೂ ಟರ್ಬೊ ಸೀಲನ್ನೇ ಬೈಯುತ್ತಾರೆ. ಮೊದಲು ಡ್ರೈನ್ ಪೈಪ್ ನೋಡಿ. ಆಯಿಲ್ ಅಲ್ಲಿ ಒತ್ತಡವಿಲ್ಲದೆ, ಬರೀ ತೂಕಕ್ಕೆ ಇಳಿಯುತ್ತದೆ. ಹಾಗಾಗಿ ಪೈಪ್ ದಪ್ಪವಿರಬೇಕು, ನೇರವಾಗಿ ಕೆಳಗಿಳಿಯಬೇಕು, ಸಂಪಿನಲ್ಲಿ (ಎಂಜಿನ್ ತಳದ ಆಯಿಲ್ ತೊಟ್ಟಿ) ಆಯಿಲ್ ಮಟ್ಟಕ್ಕಿಂತ ಮೇಲೆ ಸೇರಬೇಕು. ಪಿಸಿವಿ ವಾಲ್ವ್ (ಎಂಜಿನ್ ಒಳಗಿನ ಗಾಳಿ ಹೊರಬಿಡುವ ವಾಲ್ವ್) ಕಟ್ಟಿಕೊಂಡು ಕ್ರ್ಯಾಂಕ್‌ಕೇಸಿನಲ್ಲಿ ಒತ್ತಡ ಕೂತರೂ ಇದೇ ಹೊಗೆ. ಫೀಡ್ ಪೈಪಿನ ಜಾಯಿಂಟಿಗೆ ಸಿಲಿಕೋನ್ ಹಚ್ಚಬೇಡಿ. ಅದರ ಒಂದು ತುಣುಕು ಸಣ್ಣ ತೂತು ಮುಚ್ಚಲು ಸಾಕು. ಹಳೆಯ ಟರ್ಬೊ ಒಡೆದಿದ್ದರೆ ಇಂಟರ್‌ಕೂಲರನ್ನೂ ತೊಳೆದು ಒಣಗಿಸಿ, ಇಲ್ಲದಿದ್ದರೆ ಚೂರುಗಳು ಸಿಲಿಂಡರಿಗೆ ಇಳಿಯುತ್ತವೆ.

ಗಾಳಿ, ಪೆಟ್ರೋಲ್, ಕಿಡಿ

ಗಟ್ಟಿಯಾದ ವ್ಯಾಕ್ಯೂಮ್ ಪೈಪುಗಳನ್ನೆಲ್ಲ ಬದಲಿಸಿ. ವೇಸ್ಟ್‌ಗೇಟಿಗೆ (ಬೂಸ್ಟ್ ಮಿತಿಯಲ್ಲಿಡುವ ಕವಾಟ) ಹೋಗುವ ಪೈಪಿಗೆ ಕ್ಲಿಪ್ ಕಡ್ಡಾಯ. ಅದು ಕಳಚಿದರೆ ಬೂಸ್ಟಿಗೆ ಲಗಾಮೇ ಇರದು. ನಂತರ ಟರ್ಬೊ ಬಾಯಿ ಮುಚ್ಚಿ, ಬ್ರೀದರ್ ಪೈಪುಗಳನ್ನೂ ಮುಚ್ಚಿ, ರೆಗ್ಯುಲೇಟರ್ ಮೂಲಕ 15 ಪಿಎಸ್‌ಐ ಗಾಳಿ ಕೊಟ್ಟು ಸೋಪು ನೀರು ಸಿಂಪಡಿಸಿ ಸೋರಿಕೆ ಹುಡುಕಿ. ಏರ್‌ಫ್ಲೋ ಮೀಟರ್ ಇರುವ ಕಾರಿನಲ್ಲಿ ಒಂದೇ ಬಿರುಕು ಎರಡು ವೇಷ ಹಾಕುತ್ತದೆ: ಐಡಲಿನಲ್ಲಿ ಅಳೆಯದ ಗಾಳಿ ಒಳಬಂದು ಲೀನ್ (ಪೆಟ್ರೋಲ್ ಕಡಿಮೆ), ಬೂಸ್ಟಿನಲ್ಲಿ ಅಳೆದ ಗಾಳಿ ಹೊರಹೋಗಿ ರಿಚ್ (ಪೆಟ್ರೋಲ್ ಹೆಚ್ಚು).

ಇಂಜೆಕ್ಟರಿನ ಲೆಕ್ಕ ಹೀಗೆ. ಗುರಿ 250 ಎಚ್‌ಪಿ ಎನ್ನಿ. ಟರ್ಬೊ ಎಂಜಿನ್ನಿಗೆ ಪ್ರತಿ ಎಚ್‌ಪಿಗೆ ಗಂಟೆಗೆ ಸುಮಾರು 0.6 ಪೌಂಡ್ ಪೆಟ್ರೋಲ್, ಅಂದರೆ ಒಟ್ಟು 150 ಪೌಂಡ್. ನಾಲ್ಕು ಇಂಜೆಕ್ಟರಿಗೆ ತಲಾ 37.5. ಶೇ. 80 ಡ್ಯೂಟಿಯಲ್ಲಿ (ಇಂಜೆಕ್ಟರ್ ತೆರೆದಿರುವ ಸಮಯದ ಪಾಲು) ನಿಲ್ಲಿಸಬೇಕಾದ್ದರಿಂದ ಸುಮಾರು 47 ಪೌಂಡ್, ಅದನ್ನು 10.5ರಿಂದ ಗುಣಿಸಿದರೆ ನಿಮಿಷಕ್ಕೆ 490 ಸಿಸಿ. 550 ಸಿಸಿಯದು ಕೊಳ್ಳಿ. ಕೊಳ್ಳುವ ಮೊದಲು ಹಳೆಯದರ ರೆಸಿಸ್ಟೆನ್ಸ್ ಅಳೆಯಿರಿ: 2–3 ಓಮ್ ಇದ್ದರೆ ಲೋ ಇಂಪೀಡೆನ್ಸ್, 12–16 ಇದ್ದರೆ ಹೈ. ಹೈ ಇರುವ ಕಡೆ ಲೋ ಹಾಕಿ ರೆಸಿಸ್ಟರ್ ಬಾಕ್ಸ್ ಮರೆತರೆ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಸುಡಬಹುದು.

ಪಂಪಿನ ಮೇಲೆ ಬರೆದ ಲೀಟರ್ ನಂಬಬೇಡಿ; 3 ಬಾರ್ ಮೂಲ ಒತ್ತಡಕ್ಕೆ 1 ಬಾರ್ ಬೂಸ್ಟ್ ಸೇರಿದರೆ 4 ಬಾರ್‌ನಲ್ಲಿ ಎಷ್ಟು ಹರಿಯುತ್ತದೆ ಎಂಬುದೇ ಮುಖ್ಯ. ಹಳೆಯ ವೈರಿಂಗ್ ಆದ್ದರಿಂದ ಎಂಜಿನ್ ಓಡುವಾಗ ಪಂಪಿನ ಕನೆಕ್ಟರಿನಲ್ಲೇ ವೋಲ್ಟೇಜ್ ನೋಡಿ. 13ಕ್ಕಿಂತ ಕೆಳಗಿದ್ದರೆ ಹೊಸ ರಿಲೇ ಮತ್ತು ದಪ್ಪ ವೈರ್ ಎಳೆಯಿರಿ.

ಸ್ಪಾರ್ಕ್ ಪ್ಲಗ್ ಒಂದು ಹೆಜ್ಜೆ ತಣ್ಣನೆಯದು (ಬಿಸಿಯನ್ನು ಬೇಗ ಬಿಟ್ಟುಕೊಡುವ ದರ್ಜೆಯದು), ಗ್ಯಾಪ್ 0.6–0.7 ಮಿ.ಮೀ. ಗ್ಯಾಪ್ ಹೆಚ್ಚಿದ್ದರೆ ಬೂಸ್ಟಿನಲ್ಲಿ ಕಿಡಿ ಆರಿ ಮಿಸ್ ಹೊಡೆಯುತ್ತದೆ.

ಮೊದಲ ಸ್ಟಾರ್ಟ್

ಟರ್ಬೊದ ಆಯಿಲ್ ತೂತಿಗೆ ಆಯಿಲ್ ಸುರಿದು, ಪೆಟ್ರೋಲ್ ಮತ್ತು ಇಗ್ನಿಷನ್ ಕಡಿತ ಮಾಡಿ, ಆಯಿಲ್ ಗೇಜ್ ಮೇಲೇಳುವವರೆಗೆ ಕ್ರ್ಯಾಂಕ್ ಮಾಡಿ. ಸ್ಟಾರ್ಟ್ ಆದ ಮೇಲೆ ಗಂಟೆಗಟ್ಟಲೆ ಐಡಲಿನಲ್ಲಿ ಬಿಡಬೇಡಿ. ಹದವಾದ ಲೋಡ್ ಇಲ್ಲದೆ ರಿಂಗ್ ಕೂರುವುದಿಲ್ಲ. ಮೊದಲ ಅರ್ಧ ಗಂಟೆಯ ನಂತರ ಒಮ್ಮೆ, 500 ಕಿ.ಮೀ.ಗೆ ಇನ್ನೊಮ್ಮೆ ಆಯಿಲ್ ಮತ್ತು ಫಿಲ್ಟರ್ ಬದಲಿಸಿ. ಹಳೆಯ ಫಿಲ್ಟರ್ ಕತ್ತರಿಸಿ ನೋಡಿ: ಹೊಳೆಯುವ ಚೂರು ಕಂಡರೆ ನಿಲ್ಲಿಸಿ.

ಈಗ ಬೂಸ್ಟ್

ಟರ್ಬೊದಿಂದ ಮುಂದಿನ ಎಕ್ಸಾಸ್ಟ್ ಪೈಪಿನಲ್ಲಿ, ಗಾಳಿ-ಪೆಟ್ರೋಲ್ ಅನುಪಾತ ಅಳೆಯುವ ವೈಡ್‌ಬ್ಯಾಂಡ್ ಸೆನ್ಸರ್ ಇಲ್ಲದೆ ಮುಂದೆ ಹೋಗಬೇಡಿ. ಕಂಪನಿ ಕೊಟ್ಟ ಬೂಸ್ಟಿನಿಂದಲೇ ಶುರು ಮಾಡಿ, ಪ್ರತಿ ಬಾರಿ 0.1 ಬಾರ್ ಏರಿಸಿ. ಪೂರ್ತಿ ಥ್ರಾಟಲಿನಲ್ಲಿ ಎಎಫ್ಆರ್ (ಆ ಅನುಪಾತ) 11ರಿಂದ 11.8ರೊಳಗೆ ಇರಲಿ, 12 ದಾಟಿದ ಕ್ಷಣ ಕಾಲು ತೆಗೆಯಿರಿ. ಪ್ರತಿ ಹಂತದ ನಂತರ ಪ್ಲಗ್ ತೆಗೆದು ಭೂತಗನ್ನಡಿಯಲ್ಲಿ ನೋಡಿ. ಪಿಂಗಾಣಿ ಮೇಲೆ ಅಲ್ಯುಮಿನಿಯಂನ ಸಣ್ಣ ಚುಕ್ಕೆಗಳಿದ್ದರೆ ಪಿಸ್ಟನ್ ಕರಗಲು ಶುರುವಾಗಿದೆ ಎಂದೇ ಅರ್ಥ: ಬೂಸ್ಟ್ ಇಳಿಸಿ, ಇಗ್ನಿಷನ್ ಟೈಮಿಂಗ್ ಹಿಂದಕ್ಕೆ ತನ್ನಿ (ಕಿಡಿ ತಡವಾಗಿ ಬರಲಿ). ಹೊಸ ಬ್ರೇಕ್ ಪ್ಯಾಡ್ ಮತ್ತು ತಾಜಾ ಡಾಟ್ 4 ಫ್ಲೂಯಿಡ್ ಈ ಹಂತಕ್ಕೆ ಮೊದಲೇ ಆಗಿರಬೇಕು. ಮೇಲಿನ ಗೇರಿನಲ್ಲಿ ಆರ್‌ಪಿಎಂ ಏರಿ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ. ಅದನ್ನು ಬದಲಿಸುವವರೆಗೆ ಹಿಂದಿನ ಬೂಸ್ಟಿಗೇ ಮರಳಿ.