ಬೇಸಿಗೆಯಲ್ಲಿ ಹಳೆಯ ಒಲೆಯ ಅಲಂಕಾರ

ಬೀದರಿನ ಹಳೆಯ ಮನೆಗಳಲ್ಲಿ ಚಳಿಗಾಲದ ಸ್ನಾನದ ನೀರಿಗಷ್ಟೇ ಉರಿಯುವ ಕಟ್ಟಿಗೆ ಒಲೆ ಯುಗಾದಿಯಿಂದ ಮಳೆಗಾಲದವರೆಗೆ ಬರಿದಾಗಿರುತ್ತದೆ. ಅದನ್ನು ಅಲಂಕರಿಸುವ ಮೊದಲು ಬೂದಿಯನ್ನು ಪೂರ್ತಿ ತೆಗೆದು, ಮಸಿಯನ್ನು ಒಣ ಪೊರಕೆಯಿಂದಲೇ ಉದುರಿಸಬೇಕು. ನೀರು ತಾಗಿದರೆ ಅದು ಗೋಡೆಗೆ ಇನ್ನಷ್ಟು ಹಿಡಿಯುತ್ತದೆ. ಸುಣ್ಣ ಬಳಿದು ಒಣಗಿದ ಮೇಲೆ ತಳಕ್ಕೆ ಶಹಾಬಾದ್ ಕಲ್ಲಿನ ತುಂಡೊಂದನ್ನು ಹಾಸಿರಿ.

ಅದರ ಮೇಲೆ ಒಂದೇ ಒಂದು ಬಿದರಿ ಹೂದಾನಿ ಸಾಕು: ಸತು ಮತ್ತು ತಾಮ್ರದ ಮಿಶ್ರಲೋಹದಲ್ಲಿ ಬೆಳ್ಳಿ ಕೂರಿಸಿ, ಬೀದರ್ ಕೋಟೆಯ ಮಣ್ಣು ಮತ್ತು ನವಸಾಗರವೆಂಬ ಲವಣದ ದ್ರಾವಣದಿಂದ ಕಪ್ಪಾಗಿಸಿದ ಅದರ ಮೈ ಬಿಳಿ ಸುಣ್ಣದ ಹಿನ್ನೆಲೆಯಲ್ಲಿ ಎದ್ದು ಕಾಣುತ್ತದೆ. ಪ್ಲಾಸ್ಟಿಕ್ ಹೂವು ಇಡುವವರೂ ಇದ್ದಾರೆ, ನನಗದು ಸೇರದು. ಹಿಂಗಾರಿ ಜೋಳದ ನಾಲ್ಕು ಒಣ ತೆನೆಗಳೇ ಚೆಂದ. ಹೊಗೆಕಿಂಡಿಗೆ ಪಾರಿವಾಳ ನುಗ್ಗದಂತೆ ಜಾಲರಿ ಕಟ್ಟಿ, ಮತ್ತೆ ಒಲೆ ಹಚ್ಚುವ ಮುನ್ನ ಮರೆಯದೆ ಬಿಚ್ಚಿರಿ.