ಫೋಟೊ ಕ್ಲಬ್ ಔಟಿಂಗ್: ಜಾಗ ಹುಡುಕುವ ಮೊದಲು ಕೆಲಸ ಹುಡುಕಿ

ಹವ್ಯಾಸಿ ಫೋಟೊಗ್ರಫಿ ಕ್ಲಬ್‌ಗಳ ಔಟಿಂಗ್ ಬಹಳ ಸಲ ಹೀಗೆ ನಡೆಯುತ್ತದೆ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಯಾರೋ ಒಬ್ಬರು ‘ಈ ಭಾನುವಾರ ಎಲ್ಲಿಗಾದರೂ ಹೋಗೋಣವಾ?’ ಎಂದು ಕೇಳುತ್ತಾರೆ. ಎಲ್ಲಿಗೆ ಅನ್ನುವುದರ ಮೇಲೆ ಎರಡು ದಿನ ಚರ್ಚೆ. ಕೊನೆಗೆ ಎಲ್ಲರೂ ಹೋಗಿ, ಒಂದೇ ಮರದ ಮುಂದೆ ಸಾಲಾಗಿ ನಿಂತು, ಒಂದೇ ಫೋಟೊ ತೆಗೆದು ಬರುತ್ತಾರೆ. ಸಂಜೆಗೆ ಗುಂಪಿನ ತುಂಬ ಫೋಟೊಗಳು, ಅವುಗಳ ಕೆಳಗೆ ಹೆಬ್ಬೆರಳ ಗುರುತುಗಳು. ಅಲ್ಲಿಗೆ ಮುಗಿಯಿತು.

ಇದರಲ್ಲಿ ಜಾಗದ ತಪ್ಪೇನೂ ಇಲ್ಲ. ಹೋಗುವ ಮುಂಚೆ ಯಾರಿಗೂ ಒಂದು ಕೆಲಸ ಇರಲಿಲ್ಲ. ಬಂದ ಮೇಲೆ ಯಾರೂ ಒಟ್ಟಿಗೆ ಕೂತು ನೋಡಲಿಲ್ಲ. ಇವೆರಡು ಸರಿಯಾದರೆ ಬಸ್ ನಿಲ್ದಾಣದಲ್ಲೂ ಒಳ್ಳೆಯ ಔಟಿಂಗ್ ಆಗುತ್ತದೆ. ಕ್ಲಬ್ಬಿನಲ್ಲಿ ಈ ಸಲದ ಹೊಣೆ ನಿಮ್ಮ ತಲೆಗೆ ಬಿದ್ದಿದ್ದರೆ ಹೀಗೆ ಮಾಡಿ.

1. ಮೊದಲು ಕೆಲಸ ಕೊಡಿ

‘ಕೋಟೆಗೆ ಹೋಗೋಣ’ ಅನ್ನಬೇಡಿ. ‘ಈ ಸಲ ನೆರಳು ಮಾತ್ರ ತೆಗೆಯೋಣ’ ಅನ್ನಿ. ಜಾಗ ತಾನಾಗಿಯೇ ಹೊಳೆಯುತ್ತದೆ. ಕೆಲಸ ಒಂದೇ ಸಾಲಿನಲ್ಲಿ ಹೇಳುವಂತಿರಲಿ. ಕೆಲಸ ಮಾಡುತ್ತಿರುವ ಕೈಗಳು. ಒಂದೇ ಬಣ್ಣ. ಮುಖ ಕಾಣದ ಮನುಷ್ಯರು. ಕಿಟಕಿಯ ಒಳಗಿನಿಂದ ಕಂಡದ್ದು. ನೆಲದಿಂದ ಒಂದು ಅಡಿಗಿಂತ ಎತ್ತರಕ್ಕೆ ಕ್ಯಾಮೆರಾ ಏರಿಸುವಂತಿಲ್ಲ.

ನೋಡುವುದನ್ನು ಕಲಿಸುವ ಕೆಲಸ ಒಂದು ತಿಂಗಳು, ಕೈಗೆ ಸಂಬಂಧಿಸಿದ್ದು ಇನ್ನೊಂದು ತಿಂಗಳು ಕೊಟ್ಟರೆ ಚೆನ್ನ. ಪ್ಯಾನಿಂಗ್ ತೆಗೆದುಕೊಳ್ಳಿ. ಶಟರ್ ಸ್ಪೀಡ್, ಅಂದರೆ ಶಟರ್ ತೆರೆದಿರುವ ಹೊತ್ತು, 1/30 ಸೆಕೆಂಡಿಗೆ ಇಟ್ಟು, ಸೈಕಲ್ಲಿನ ಜೊತೆಗೆ ಸೊಂಟದಿಂದ ಮೇಲಿನ ಮೈಯನ್ನು ತಿರುಗಿಸುತ್ತಾ ಕ್ಲಿಕ್ ಮಾಡಬೇಕು. ಸೈಕಲ್ ನಿಚ್ಚಳ, ಹಿಂದಿನ ರಸ್ತೆ ಗೆರೆಗೆರೆ. ಹತ್ತರಲ್ಲಿ ಒಂಬತ್ತು ಕೆಡುತ್ತವೆ, ಕೆಡಲಿ. ಒಬ್ಬರೇ ಮನೆ ಮುಂದೆ ನಿಂತು ಮಾಡಲು ಬೇಜಾರಾಗುವ ಇಂಥ ಅಭ್ಯಾಸ ಗುಂಪಿನಲ್ಲಿ ಸಲೀಸು.

ಕಟ್ಟುಪಾಡು ಹಾಕಲು ಹಿಂಜರಿಯಬೇಡಿ. ಒಂದೇ ಲೆನ್ಸ್, ಜೂಮ್ ಇಲ್ಲ. ಅಥವಾ ಒಬ್ಬರಿಗೆ 36 ಫ್ರೇಮ್ ಮಾತ್ರ, ಅಳಿಸುವಂತಿಲ್ಲ. 35 ಎಂಎಂ ಫಿಲ್ಮ್ ರೋಲಿನಲ್ಲಿ ಸಾಮಾನ್ಯವಾಗಿ ಹೆಚ್ಚೆಂದರೆ ಇರುತ್ತಿದ್ದದ್ದೇ ಅಷ್ಟು. ಮೊದಲ ಅರ್ಧ ಗಂಟೆ ಎಲ್ಲರೂ ಗೊಣಗುತ್ತಾರೆ. ಆಮೇಲೆ ಕ್ಯಾಮೆರಾ ಕಣ್ಣಿಗಿಟ್ಟು, ಒತ್ತದೆ ಕೆಳಗಿಳಿಸುವುದು ಶುರುವಾಗುತ್ತದೆ. ನಮಗೆ ಬೇಕಾದದ್ದೂ ಅದೇ ಅಲ್ವಾ?

2. ದಿನವನ್ನು ಬೆಳಕು ನೋಡಿ ಗೊತ್ತುಮಾಡಿ

ಎಲ್ಲರಿಗೂ ಬಿಡುವಿರುವ ದಿನ ಅನ್ನುವುದು ಸರಿ. ಆದರೆ ಹೊತ್ತನ್ನು ಸದಸ್ಯರ ನಿದ್ದೆಗೆ ಬಿಟ್ಟುಕೊಡಬೇಡಿ.

ಸೂರ್ಯ ದಿಗಂತದಿಂದ ಸುಮಾರು 6 ಡಿಗ್ರಿ ಏರುವ ತನಕ ಬೆಳಕು ಹಳದಿಯಾಗಿ, ಮೃದುವಾಗಿ, ಓರೆಯಾಗಿ ಬೀಳುತ್ತದೆ. ಇದೇ ಗೋಲ್ಡನ್ ಅವರ್. ಅದು ಎಷ್ಟು ಹೊತ್ತು ಇರುತ್ತದೆ ಅನ್ನುವುದು ನೀವು ಭೂಮಿಯ ಮೇಲೆ ಎಲ್ಲಿದ್ದೀರಿ ಅನ್ನುವುದರ ಮೇಲಿದೆ. ಸೂರ್ಯ ಆಕಾಶದಲ್ಲಿ ಗಂಟೆಗೆ ಸುಮಾರು 15 ಡಿಗ್ರಿ ಸರಿಯುತ್ತಾನೆ. ಭೂಮಧ್ಯರೇಖೆಯ ಹತ್ತಿರ ಹೆಚ್ಚುಕಮ್ಮಿ ನೆಟ್ಟಗೆ ಏರುವುದರಿಂದ 6 ಡಿಗ್ರಿಗೆ ಅರ್ಧ ಗಂಟೆಯೂ ಬೇಕಿಲ್ಲ. ಧ್ರುವಗಳ ಕಡೆ ಹೋದಷ್ಟೂ ಅವನ ದಾರಿ ಓರೆ, ಆ ಬೆಳಕಿನ ಆಯುಷ್ಯವೂ ಜಾಸ್ತಿ. ಹಾಗಾಗಿ ‘ಸೂರ್ಯೋದಯಕ್ಕೆ ಸೇರೋಣ’ ಎಂದರೆ ತಡವಾಯಿತು ಎಂದೇ ಲೆಕ್ಕ. ಸೂರ್ಯೋದಯಕ್ಕೆ ನಲವತ್ತು ನಿಮಿಷ ಮುಂಚೆ ಅಲ್ಲಿರಬೇಕು. ಆಗ ಆಕಾಶದ ನೀಲಿಯೂ ಸಿಗುತ್ತದೆ, ಟ್ರೈಪಾಡ್ ಹೂಡಲು ಸಮಯವೂ ಇರುತ್ತದೆ.

ಸಂಜೆಗೆ ಒಂದು ಸುಲಭ ಅಳತೆ ಇದೆ. ಕೈ ನೀಟಾಗಿ ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಸುಮಾರು 10 ಡಿಗ್ರಿ. ಸೂರ್ಯನಿಗೂ ದಿಗಂತಕ್ಕೂ ನಡುವೆ ಒಂದು ಮುಷ್ಟಿಯಷ್ಟೇ ಜಾಗ ಉಳಿದಿದ್ದರೆ, ಸೂರ್ಯ ನೆಟ್ಟಗೆ ಇಳಿಯುವ ಕಡೆಗಳಲ್ಲಿ ಉಳಿದಿರುವುದು ನಲವತ್ತು ನಿಮಿಷ. ಸೂರ್ಯನನ್ನೇ ದಿಟ್ಟಿಸಬೇಡಿ, ಮುಷ್ಟಿಯನ್ನು ಪಕ್ಕದಲ್ಲಿ ಹಿಡಿದು ಅಳೆಯಿರಿ.

ಮಧ್ಯಾಹ್ನದ ಬೆಳಕನ್ನು ಬೈಯುವುದು ಕ್ಲಬ್‌ಗಳಲ್ಲಿ ಒಂದು ಅಭ್ಯಾಸವೇ ಆಗಿಬಿಟ್ಟಿದೆ. ನನಗೆ ಇದು ಒಪ್ಪಿಗೆಯಿಲ್ಲ. ನೆರಳು, ಗೆರೆ, ಕಪ್ಪು-ಬಿಳುಪು ಕೆಲಸ ಕೊಟ್ಟರೆ ನಡುಹಗಲೇ ಬೇಕು. ಮೋಡ ಮುಚ್ಚಿದ ದಿನ ಹೂವು ಮತ್ತು ಮುಖಗಳಿಗೆ. ಕೆಲಸಕ್ಕೆ ತಕ್ಕ ಬೆಳಕು ಅಷ್ಟೆ.

ರಾತ್ರಿ ಔಟಿಂಗ್ ಇದ್ದರೆ ಚಂದ್ರನನ್ನು ಕೇಳಿ. ನಕ್ಷತ್ರ ಬೇಕಾದರೆ ಅಮಾವಾಸ್ಯೆಯ ಆಸುಪಾಸು. ನಕ್ಷತ್ರಗಳು ಗೆರೆಯಾಗದಂತೆ ಎಷ್ಟು ಸೆಕೆಂಡ್ ತೆರೆದಿಡಬಹುದು ಅನ್ನುವುದಕ್ಕೆ, 500ನ್ನು ಲೆನ್ಸಿನ ಮೇಲೆ ಎಂಎಂನಲ್ಲಿ ಬರೆದಿರುವ ಫೋಕಲ್ ಲೆಂತ್‌ನಿಂದ ಭಾಗಿಸಿ. ಫುಲ್ ಫ್ರೇಮ್ (35 ಎಂಎಂ ಫಿಲ್ಮ್ ಫ್ರೇಮಿನಷ್ಟೇ ದೊಡ್ಡ ಸೆನ್ಸರ್ ಇರುವ) ಕ್ಯಾಮೆರಾಕ್ಕೆ 20 ಎಂಎಂ ಲೆನ್ಸ್ ಹಾಕಿದ್ದರೆ 25 ಸೆಕೆಂಡ್. ಅದಕ್ಕಿಂತ ಚಿಕ್ಕ ಸೆನ್ಸರಿನ ಎಪಿಎಸ್-ಸಿ ಕ್ಯಾಮೆರಾ ಆದರೆ ಅದನ್ನು ಮತ್ತೆ ಒಂದೂವರೆಯಿಂದ ಭಾಗಿಸಬೇಕು, ಸುಮಾರು 17 ಸೆಕೆಂಡ್ ಬರುತ್ತದೆ. ಈಗಿನ ಜಾಸ್ತಿ ಮೆಗಾಪಿಕ್ಸೆಲ್ ಕ್ಯಾಮೆರಾಗಳಲ್ಲಿ ಇನ್ನೂ ಕಡಿಮೆ ಇಡುವುದು ಒಳ್ಳೆಯದು.

ತುಂಬು ಚಂದ್ರನನ್ನು ಕಟ್ಟಡದ ಅಥವಾ ಬೆಟ್ಟದ ಜೊತೆ ಹಿಡಿಯಬೇಕೇ? ಹುಣ್ಣಿಮೆಯ ದಿನಕ್ಕಿಂತ ಅದರ ಹಿಂದಿನ ಸಂಜೆ ಹೋಗಿ. ಚಂದ್ರ ದಿನಕ್ಕೆ ಸರಾಸರಿ 50 ನಿಮಿಷ ತಡವಾಗಿ ಹುಟ್ಟುತ್ತಾನೆ. ಹುಣ್ಣಿಮೆಯಂದು ಸೂರ್ಯ ಮುಳುಗುವ ಹೊತ್ತಿಗೆ ಬರುತ್ತಾನೆ, ಸ್ವಲ್ಪದರಲ್ಲೇ ನೆಲ ಕಪ್ಪಾಗಿ ಆಕಾಶದಲ್ಲಿ ಬಿಳಿ ಚುಕ್ಕೆಯೊಂದೇ ಉಳಿಯುತ್ತದೆ. ಹಿಂದಿನ ದಿನವಾದರೆ ಹಗಲು ಇರುವಾಗಲೇ ಮೇಲೆ ಬಂದಿರುತ್ತಾನೆ. ಚಂದ್ರ, ನೆಲ ಎರಡರ ಮೇಲೂ ಬೆಳಕಿರುತ್ತದೆ, ಒಂದೇ ಎಕ್ಸ್‌ಪೋಷರ್ ಸಾಕು.

3. ಒಬ್ಬರು ಮೊದಲೇ ಹೋಗಿ ನೋಡಿ ಬನ್ನಿ

ಇದನ್ನು ತಪ್ಪಿಸಬೇಡಿ, ಮ್ಯಾಪ್ ನೋಡಿದರೆ ಸಾಲದು. ಔಟಿಂಗ್ ನಡೆಯುವ ಹೊತ್ತಿಗೇ ಹೋಗಿ. ಬೆಳಕು ಯಾವ ಕಡೆಯಿಂದ ಬೀಳುತ್ತದೆ, ಬಾಗಿಲು ಎಷ್ಟು ಗಂಟೆಗೆ ತೆರೆಯುತ್ತಾರೆ, ಟ್ರೈಪಾಡ್ ಬಿಡುತ್ತಾರಾ, ಶೌಚಾಲಯ ಎಲ್ಲಿದೆ, ಗಾಡಿ ಎಲ್ಲಿ ನಿಲ್ಲಿಸಬೇಕು. ಫೋನಿನಲ್ಲಿ ಒಬ್ಬರೇ ಫೋಟೊ ತೆಗೆಯುವಾಗ ಸುಮ್ಮನಿರುವ ಕಾವಲುಗಾರ, ಹದಿನೈದು ಟ್ರೈಪಾಡ್ ಕಂಡರೆ ಸುಮ್ಮನಿರುವುದಿಲ್ಲ. ಅನುಮತಿ ಬೇಕಿದ್ದರೆ ಬರವಣಿಗೆಯಲ್ಲಿ ಪಡೆದು, ಆ ಕಾಗದವನ್ನು ಜೇಬಿನಲ್ಲಿ ಇಟ್ಟುಕೊಳ್ಳಿ. ಡ್ರೋನ್‌ಗೆ ಪ್ರತಿ ದೇಶದ ಕಾನೂನು ಬೇರೆ. ಅದನ್ನು ತರುವವರೇ ತಿಳಿದುಕೊಂಡು ಬರಲಿ.

4. ಸಂದೇಶ ಚಿಕ್ಕದಾಗಿರಲಿ

ಸೇರುವ ಜಾಗ, ಹೊತ್ತು, ಕೆಲಸ, ಮುಗಿಯುವ ಹೊತ್ತು. ಇಷ್ಟು ಸಾಕು. ಚಾರ್ಜ್ ಆದ ಬ್ಯಾಟರಿ, ಖಾಲಿ ಮೆಮರಿ ಕಾರ್ಡ್, ಕುಡಿಯುವ ನೀರು ಎಂದು ಒಂದು ಸಾಲು ಸೇರಿಸಿ. ಯಾವ ಕ್ಯಾಮೆರಾ ತರಬೇಕು ಎಂದು ಕೇಳುವವರಿಗೆ ಇರುವುದನ್ನು ತನ್ನಿ ಅನ್ನಿ. ಮೊಬೈಲ್ ಇರುವವರೂ ಬರಲಿ. ‘ನೆರಳು ಮಾತ್ರ’ ಅನ್ನುವ ಕೆಲಸಕ್ಕೆ ದೊಡ್ಡ ಲೆನ್ಸಿನಿಂದ ಏನೂ ಲಾಭವಿಲ್ಲ. ಹಾಗಿದ್ದರೂ ಉಪಕರಣದ ಮಾತು ಬಂದೇ ಬರುತ್ತದೆ. ಅದಕ್ಕೆಂದೇ ಬೇರೊಂದು ದಿನ ಇಟ್ಟುಬಿಡಿ.

ಹೊರಡುವ ಮುನ್ನ ಇನ್ನೊಂದು ಸಣ್ಣ ಕೆಲಸ ಇದೆ. ಎಲ್ಲರೂ ಕ್ಯಾಮೆರಾದ ಗಡಿಯಾರವನ್ನು ಫೋನಿನ ಗಡಿಯಾರಕ್ಕೆ ಹೊಂದಿಸಿಕೊಳ್ಳಬೇಕು. ಆಮೇಲೆ ಎಲ್ಲರ ಫೋಟೊಗಳನ್ನು ಹೊತ್ತಿನ ಕ್ರಮದಲ್ಲಿ ಜೋಡಿಸಿದರೆ, ಒಂದೇ ನಿಮಿಷದಲ್ಲಿ ಹತ್ತು ಜನ ಹತ್ತು ಕಡೆ ನೋಡುತ್ತಿದ್ದದ್ದು ಕಾಣುತ್ತದೆ. ಇದು ಕ್ಲಬ್ಬಿಗೆ ಮಾತ್ರ ಸಿಗುವ ಮಜಾ.

5. ಅಲ್ಲಿ ಹೋದ ಮೇಲೆ ಚದುರಿಹೋಗಿ

ನಾಲ್ಕೈದು ಜನರ ಗುಂಪು ಮಾಡಿ ಬೇರೆ ಬೇರೆ ದಿಕ್ಕಿಗೆ ಕಳಿಸಿ. ಪ್ರತಿ ಗುಂಪಿನಲ್ಲಿ ಅನುಭವ ಇರುವ ಒಬ್ಬರು, ಹೊಸಬರು ಒಬ್ಬಿಬ್ಬರು. ಅನುಭವಿಗೆ ಒಂದು ಸೂಚನೆ ಕೊಡಿ: ಹೊಸಬರ ಕ್ಯಾಮೆರಾವನ್ನು ಕಸಿದು ಸೆಟ್ಟಿಂಗ್ ಮಾಡಿಕೊಡುವಂತಿಲ್ಲ, ಬಾಯಲ್ಲಿ ಹೇಳಬೇಕು. ಕೈ ನಡುಗಿ ಫೋಟೊ ಮಬ್ಬಾಗುವವರಿಗೆ ಫೋಕಲ್ ಲೆಂತ್ ಲೆಕ್ಕ ಹೇಳಿಕೊಡಿ. 200 ಎಂಎಂ ಆದರೆ ಶಟರ್ ಸ್ಪೀಡ್ ಕನಿಷ್ಠ 1/200, ಎಪಿಎಸ್-ಸಿಯಲ್ಲಿ 1/300. ಒಂದು ಔಟಿಂಗ್‌ಗೆ ಇಂಥದ್ದು ಒಂದು ಕಲಿತರೆ ಬೇಕಾದಷ್ಟಾಯಿತು.

ಜನರ ಫೋಟೊ ತೆಗೆಯುವಾಗ ಗುಂಪಿನ ಬಲವೇ ಗುಂಪಿನ ಕೇಡು. ಒಬ್ಬ ಅಪರಿಚಿತ ಮುದುಕಪ್ಪನ ಮುಂದೆ ಆರು ಲೆನ್ಸ್ ನಿಂತರೆ ಅದು ಫೋಟೊಗ್ರಫಿಯಲ್ಲ, ಮುತ್ತಿಗೆ. ಒಬ್ಬರು ತೆಗೆಯುತ್ತಿದ್ದರೆ ಉಳಿದವರು ಮುಂದೆ ನಡೆಯಿರಿ. ಬೇಡ ಅಂದರೆ ಬೇಡ. ಮಕ್ಕಳದ್ದಾದರೆ ದೊಡ್ಡವರನ್ನು ಕೇಳಿಯೇ ತೆಗೆಯಬೇಕು.

ಹಕ್ಕಿಗಳ ಔಟಿಂಗ್ ಇದ್ದರೆ ನಿಯಮ ಇನ್ನೂ ಬಿಗಿ. ಗೂಡಿನ ಹತ್ತಿರ ಹೋಗುವುದು, ಮರೆಯಾಗಿರುವ ಟೊಂಗೆ ಮುರಿಯುವುದು, ಫೋನಿನಲ್ಲಿ ಹಕ್ಕಿಯ ಕೂಗು ಹಾಕಿ ಕರೆಯುವುದು, ಇದ್ಯಾವುದೂ ಕೂಡದು. ತಾಯಿ ಹಕ್ಕಿ ಗೂಡು ಬಿಟ್ಟು ಹಾರಿದರೆ ಮೊಟ್ಟೆಗಳಿಗೆ ಬಿಸಿಲು, ಚಳಿ, ಕಾಗೆ ಎಲ್ಲದರ ಭಯ. ಗೂಡಿನ ಫೋಟೊಗಳನ್ನು ಕ್ಲಬ್ ತೋರಿಸುವುದೇ ಇಲ್ಲ ಎಂದು ಮೊದಲೇ ಹೇಳಿಬಿಟ್ಟರೆ ತೆಗೆಯುವ ಆಸೆಯೂ ತಗ್ಗುತ್ತದೆ.

6. ಮೂರೇ ಫೋಟೊ ಕೇಳಿ

ಎಲ್ಲರೂ ತಮ್ಮ ಫೋಟೊಗಳಿಂದ ಮೂರನ್ನು ಆರಿಸಿ, ಒಂದು ವಾರದೊಳಗೆ ಕಳಿಸಬೇಕು. ಇಲ್ಲಿ ಲೆಕ್ಕ ನೋಡಿ. ಇಪ್ಪತ್ತು ಜನರಿಗೆ ಮೂರರಂತೆ 60 ಫೋಟೊ. ಒಂದಕ್ಕೆ ಎರಡು ನಿಮಿಷವೆಂದರೂ ಎರಡು ಗಂಟೆ. ಐದು ಕೇಳಿದರೆ ಕೊನೆಯವರ ಫೋಟೊ ಬರುವಷ್ಟರಲ್ಲಿ ಅರ್ಧ ಜನ ಎದ್ದು ಹೋಗಿರುತ್ತಾರೆ.

ಪ್ರೊಜೆಕ್ಟರ್ ಫುಲ್ ಎಚ್‌ಡಿ ಆಗಿದ್ದರೆ ಅಗಲ 1920, ಎತ್ತರ 1080 ಪಿಕ್ಸೆಲ್ ಮೀರದ ಜೆಪೆಗ್ ಸಾಕು. ಕ್ಯಾಮೆರಾ ನಿಲುವಾಗಿ ಹಿಡಿದು ತೆಗೆದ ಫೋಟೊಗಳಿಗೂ ಎತ್ತರದ ಮಿತಿ ಅದೇ. ಬಣ್ಣ ಸಾಮಾನ್ಯ ಪರದೆಗಳು ಬಳಸುವ ಎಸ್‌ಆರ್‌ಜಿಬಿ ಇರಲಿ, ಇಲ್ಲದಿದ್ದರೆ ಮನೆಯಲ್ಲಿ ಕೆಂಪಗಿದ್ದ ಹೂವು ಪರದೆಯ ಮೇಲೆ ಬಾಡಿದಂತೆ ಕಾಣಬಹುದು. ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಎಂದು ಕಳಿಸಿದರೆ ಕುಗ್ಗಿಬಿಡುತ್ತದೆ. ಡಾಕ್ಯುಮೆಂಟ್ ಎಂದು ಕಳಿಸಲು ಹೇಳಿ.

7. ಕೂತು ನೋಡಿ

ಇಡೀ ಔಟಿಂಗ್‌ನ ಜೀವ ಇರುವುದು ಇಲ್ಲಿ. ಬಹಳ ಕ್ಲಬ್‌ಗಳು ಬಿಟ್ಟುಬಿಡುವುದೂ ಇದನ್ನೇ.

ಫೋಟೊಗಳಿಂದ ಹೆಸರು ತೆಗೆದು, ಕಲಸಿ ತೋರಿಸಿ. ಹಿರಿಯರ ಫೋಟೊ ಎಂದು ಗೊತ್ತಾದರೆ ಯಾರೂ ಬಾಯಿ ಬಿಡುವುದಿಲ್ಲ. ಹೊಸಬರದ್ದು ಎಂದು ಗೊತ್ತಾದರೆ ಎಲ್ಲರೂ ಮೇಷ್ಟ್ರಾಗುತ್ತಾರೆ. ಪರದೆಯ ಮೇಲೆ ಫೋಟೊ ಬಂದ ಮೇಲೆ ಹದಿನೈದು ಸೆಕೆಂಡ್ ಯಾರೂ ಮಾತಾಡಬಾರದು. ಆಮೇಲೆ ಒಬ್ಬರು, ತಮ್ಮ ಕಣ್ಣು ಮೊದಲು ಎಲ್ಲಿಗೆ ಹೋಯಿತು, ಅಲ್ಲಿಂದ ಎಲ್ಲಿಗೆ ಹೋಯಿತು ಎಂದಷ್ಟೇ ಹೇಳಬೇಕು. ‘ಚೆನ್ನಾಗಿದೆ’, ‘ಸೂಪರ್ ಸರ್’ ಇಲ್ಲಿ ನಡೆಯುವುದಿಲ್ಲ. ‘ನನ್ನ ಕಣ್ಣು ಆ ಮೂಲೆಯ ಬಿಳಿ ಪ್ಲಾಸ್ಟಿಕ್ ಚೀಲಕ್ಕೆ ಹೋಗಿ ಅಲ್ಲೇ ನಿಂತಿತು’ ಎಂದರೆ ತೆಗೆದವರಿಗೆ ಹತ್ತು ಹೊಗಳಿಕೆಗಿಂತ ಹೆಚ್ಚು ತಿಳಿಯುತ್ತದೆ. ತೆಗೆಯುವಾಗ ಆ ಚೀಲ ಅವರಿಗೆ ಕಂಡೇ ಇರುವುದಿಲ್ಲ.

ಎರಡನೆಯವರು, ಒಂದೇ ಒಂದು ಬದಲಾವಣೆ ಸೂಚಿಸಲಿ. ಕ್ರಾಪ್ ಮಾಡುವುದಾದರೆ, ಅಂದರೆ ಅಂಚು ಕತ್ತರಿಸುವುದಾದರೆ, ಅಲ್ಲೇ ಲ್ಯಾಪ್‌ಟಾಪ್‌ನಲ್ಲಿ ಮಾಡಿ ತೋರಿಸಿ, ಎರಡನ್ನೂ ಅಕ್ಕಪಕ್ಕ ಇಡಿ. ಎಷ್ಟೋ ಸಲ ಮೊದಲಿನದೇ ಚೆಂದ ಕಾಣುತ್ತದೆ, ಆಗ ಸಲಹೆ ಕೊಟ್ಟವರೂ ಕಲಿಯುತ್ತಾರೆ. ಇಷ್ಟಾಗುವ ತನಕ ಫೋಟೊ ತೆಗೆದವರು ಬಾಯಿ ಬಿಡುವಂತಿಲ್ಲ. ‘ಅದು ಹಾಗಲ್ಲ, ಅಲ್ಲಿ ಏನಾಗಿತ್ತೆಂದರೆ...’ ಎಂದು ಶುರುಮಾಡಿದರೆ ಎಲ್ಲರೂ ಕಥೆ ಕೇಳತೊಡಗುತ್ತಾರೆ, ಫೋಟೊ ನೋಡುವುದು ನಿಲ್ಲುತ್ತದೆ. ಸೆಟ್ಟಿಂಗ್ ಏನು ಎಂಬ ಪ್ರಶ್ನೆಯೂ ಕೊನೆಗೇ.

ಈ ಕೂಟದಲ್ಲಿ ಅಂಕ ಬೇಡ. ಸ್ಪರ್ಧೆ ನಡೆಸುವುದಿದ್ದರೆ ಬೇರೆ ದಿನ, ಹೊರಗಿನ ತೀರ್ಪುಗಾರರನ್ನು ಕರೆದು ನಡೆಸಿ. ಅಂಕ ಬಂದ ಕೂಡಲೇ ಜನ ಗೆಲ್ಲುವಂಥ ಫೋಟೊ ತೆಗೆಯಲು ಶುರುಮಾಡುತ್ತಾರೆ, ಎಲ್ಲರದ್ದೂ ಒಂದೇ ಥರ ಆಗುತ್ತದೆ. ಆದರೆ ಮುಂದೆ ಫೋಟೊ ಪ್ರದರ್ಶನ-ಸ್ಪರ್ಧೆಗಳಾದ ಸಲಾನ್‌ಗಳಿಗೆ ಕಳಿಸುವ ಆಸೆ ಇರುವವರಿಗೆ ನಿಯಮಗಳನ್ನು ಈಗಲೇ ಹೇಳಿ. ಅಂತರರಾಷ್ಟ್ರೀಯ ಫೋಟೊಗ್ರಫಿ ಒಕ್ಕೂಟವಾದ ಫಿಯಾಪ್, ಅಮೆರಿಕದ ಫೋಟೊಗ್ರಫಿ ಸಂಘವಾದ ಪಿಎಸ್‌ಎ ಮತ್ತು ಲಂಡನ್ನಿನಲ್ಲಿ 1853ರಲ್ಲಿ ಶುರುವಾದ ರಾಯಲ್ ಫೋಟೊಗ್ರಾಫಿಕ್ ಸೊಸೈಟಿ, ಈ ಮೂರೂ ನೇಚರ್ ವಿಭಾಗಕ್ಕೆ ಒಂದೇ ವ್ಯಾಖ್ಯೆ ಒಪ್ಪಿಕೊಂಡಿವೆ. ಅದರ ಪ್ರಕಾರ ಚಿತ್ರಕ್ಕೆ ಏನನ್ನೂ ಸೇರಿಸುವಂತಿಲ್ಲ. ಕ್ರಾಪ್ ಬಿಟ್ಟು, ಚಿತ್ರದಲ್ಲಿದ್ದ ವಸ್ತುವನ್ನು ಬೇರೆ ರೀತಿಯಲ್ಲಿ ತೆಗೆದುಹಾಕುವಂತೆಯೂ ಇಲ್ಲ. ಹಕ್ಕಿಯ ಹಿಂದಿನ ಒಣ ಕಡ್ಡಿಯೊಂದನ್ನು ಅಳಿಸಿದರೂ ಫೋಟೊ ಹೊರಗೆ.

8. ಕೆಲವನ್ನಾದರೂ ಪ್ರಿಂಟ್ ಹಾಕಿಸಿ

ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ 1840ರ ದಶಕದ ಆರಂಭದಲ್ಲೇ ಕ್ಯಾಲೊಟೈಪ್ (ಕಾಗದದ ಮೇಲೆ ನೆಗೆಟಿವ್ ತೆಗೆಯುವ ಹಳೆಯ ವಿಧಾನ) ಕ್ಲಬ್ ಎಂಬುದೊಂದಿತ್ತು. ಜಗತ್ತಿನ ಅತಿ ಹಳೆಯ ಫೋಟೊ ಕ್ಲಬ್‌ಗಳಲ್ಲಿ ಅದೂ ಒಂದು. ಅದರಲ್ಲಿ ಇದ್ದವರು ವಕೀಲರೇ ಮೊದಲಾದ ಹವ್ಯಾಸಿಗಳು. ಅವರ ಚಿತ್ರಗಳ ಎರಡು ಆಲ್ಬಂ ಇವತ್ತಿಗೂ ಅದೇ ಊರಿನ ಗ್ರಂಥಾಲಯಗಳಲ್ಲಿ ಇವೆ. ನಮ್ಮ ಗುಂಪಿನ ಫೋಟೊಗಳು ಫೋನ್ ಬದಲಾಯಿಸಿದಾಗಲೇ ಹೋಗಿಬಿಡುತ್ತವೆ. ಪ್ರತಿ ಔಟಿಂಗ್‌ನಿಂದ ಹತ್ತು ಫೋಟೊ ಆರಿಸಿ, ಚಿಕ್ಕದಾಗಿ ಪ್ರಿಂಟ್ ಹಾಕಿಸಿ, ಹಿಂದೆ ಪೆನ್ಸಿಲ್‌ನಲ್ಲಿ ತಾರೀಕು, ಜಾಗ, ಹೆಸರು ಬರೆದು ಒಂದು ಆಲ್ಬಮ್ಮಿನಲ್ಲಿ ಇಡಿ. ಮೂಲ ಫೈಲುಗಳು ಎರಡು ಬೇರೆ ಹಾರ್ಡ್ ಡಿಸ್ಕ್‌ಗಳಲ್ಲಿರಲಿ, ಎರಡೂ ಒಂದೇ ಮನೆಯಲ್ಲಿ ಬೇಡ.

ಕೂಟ ಮುಗಿದು ಜನ ಏಳುವ ಮೊದಲೇ ಮುಂದಿನ ಕೆಲಸವನ್ನು ಗೊತ್ತುಮಾಡಿ. ಮನೆಗೆ ಹೋದ ಮೇಲೆ ಗುಂಪಿನಲ್ಲಿ ಕೇಳಿದರೆ ಮತ್ತೆ ಜಾಗದ ಚರ್ಚೆಯೇ ಶುರುವಾಗುತ್ತದೆ. ಈ ಸಲ ಅತಿ ಕಡಿಮೆ ಮಾತಾಡಿದವರಿಗೆ ಕೆಲಸ ಆರಿಸುವ ಹಕ್ಕು ಕೊಡಿ, ಮೊದಲೇ ಹೋಗಿ ನೋಡಿ ಬರುವ ಹೊಣೆಯೂ ಅವರದ್ದೇ ಇರಲಿ.